ಬೆಳೆಯುವ ಗುಂಡಿಯ ಅಳತೆ

ಟೈಲರ್ ಸದಸ್ಯರು ಪುರಸಭೆಗೆ ಗೆದ್ದು ಬಂದದ್ದು ಬರೀ ಹನ್ನೊಂದು ಮತಗಳ ಅಂತರದಿಂದ. ಆ ಹನ್ನೊಂದೂ ತಾವು ಹೊಲಿದುಕೊಟ್ಟ ಪ್ಯಾಂಟುಗಳ ಪುಣ್ಯವೆಂದು ಅವರ ನಂಬಿಕೆ. ಗೆದ್ದ ಮೇಲೂ ಅಂಗಡಿ ಮುಚ್ಚಲಿಲ್ಲ, ಕೊರಳಿನ ಟೇಪನ್ನೂ ತೆಗೆಯಲಿಲ್ಲ. ಉಳಿದ ಸದಸ್ಯರು "ದೀಪ ಉರೀತಿಲ್ಲ, ಕಸ ಎತ್ತೋರಿಲ್ಲ" ಎಂದು ಮೇಜು ಗುದ್ದಿದರೆ, ಇವರು ಮೆಲ್ಲಗೆ ಎದ್ದು, "ಅಧ್ಯಕ್ಷರೇ, ಮೂರನೇ ಅಡ್ಡರಸ್ತೆಯ ಕಂಬ ಎಡಕ್ಕೆ ನಾಲ್ಕೂವರೆ ಇಂಚು ವಾಲಿದೆ" ಎನ್ನುವರು. ಅರ್ಧ ಇಂಚು ಬಿಟ್ಟು ಹೇಳಿದರೆ ತಿಂದದ್ದು ಅರಗದ ಜೀವ ಅದು.

ಹೀಗಿರುವಾಗ ಅವರ ಅಕ್ಕನ ಮನೆ ಬಾಗಿಲಲ್ಲೇ ಚರಂಡಿಯ ಚಪ್ಪಡಿ ಕುಸಿದುಬಿತ್ತು. ಅಕ್ಕನಿಗೆ ಮಂಡಿನೋವು, ಗುಂಡಿ ಹಾರುವ ಮಾತೇ ಇಲ್ಲ. ಪಕ್ಕದ ಮನೆಯವರು ಹಲಗೆ ಹಾಕಿಕೊಟ್ಟರೆ ಅದು ಅಲುಗಾಡುವುದನ್ನು ನೋಡಿಯೇ ಅವಳಿಗೆ ತಲೆಸುತ್ತು ಬಂತು. ಅಂದಿನಿಂದ ಅಕ್ಕ ಹೊಸಿಲು ದಾಟಲಿಲ್ಲ. ಅದಕ್ಕೆ ಮುಂಚೆ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬರುವಳು. ತಮ್ಮನ ಜೊತೆ ಉಂಡು, ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಾ, ಬಟ್ಟೆ ತಡವಾಯಿತೆಂದು ಜಗಳಕ್ಕೆ ಬಂದ ಗಿರಾಕಿಗಳನ್ನು ತಾನೇ ದಬಾಯಿಸಿ ಕಳಿಸುವಳು. ಅಮ್ಮ ಹೋದ ಮೇಲೆ ಹೀಗೆ ಊರವರ ಅಂಗಿಗೆಲ್ಲ ಗುಂಡಿ ಹೊಲಿದೇ ಅವಳು ತಮ್ಮನನ್ನು ಸಾಕಿದ್ದು. ಆ ಖಾಲಿ ಸ್ಟೂಲು ಕಂಡಾಗಲೆಲ್ಲ ಸದಸ್ಯರು ಹೊಲಿಗೆ ನಿಲ್ಲಿಸಿ ಬೀದಿಯತ್ತ ನೋಡುವರು. ಹೇಗಾದರೂ ಮಾಡಿ ಅಕ್ಕನನ್ನು ಹೊರಗೆ ಕರೆತರಬೇಕೆಂದು ಪಣ ತೊಟ್ಟರು.

ಮೊದಲ ಸಭೆಯಲ್ಲಿ, "ಗುಂಡಿ ಉದ್ದ ಎರಡಡಿ ಮೂರಿಂಚು" ಎಂದರು. ಇಂಜಿನಿಯರ್ ಬರೆದುಕೊಂಡರು, ಫೈಲು ಹೊರಟಿತು. ಫೈಲು ನಾಲ್ಕು ಮೇಜು ದಾಟುವಷ್ಟರಲ್ಲಿ ಚರಂಡಿ ನೀರು ಮಣ್ಣು ಕೊರೆದು ಅಂಚು ಇನ್ನಷ್ಟು ಉದುರಿತು. ಎರಡನೇ ಸಭೆಯಲ್ಲಿ ಸದಸ್ಯರು, "ಈಗ ಮೂರಡಿ ಒಂದಿಂಚು" ಎಂದರು.

"ಹಾಗಾದ್ರೆ ಹಳೇ ಅಂದಾಜು ನಡೆಯಲ್ಲ. ಹೊಸದು ಮಾಡ್ಬೇಕು," ಎಂದರು ಇಂಜಿನಿಯರ್.

ಮೂರನೇ ಸಭೆಗೆ ಅದು ನಾಲ್ಕಡಿ ಎರಡಿಂಚಾಯಿತು. ಮತ್ತೆ ಹೊಸ ಫೈಲು. ಇಂಜಿನಿಯರ್ ಕೆಟ್ಟವರೇನಲ್ಲ. ಕಾಗದಕ್ಕೂ ನೆಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಹಿ ಹಾಕದ ಶಿಸ್ತಿನ ಮನುಷ್ಯ. ಇಬ್ಬರಲ್ಲಿ ಒಬ್ಬರಾದರೂ ಚೂರು ಸುಳ್ಳುಗಾರರಾಗಿದ್ದರೆ ಚಪ್ಪಡಿ ಎಂದೋ ಬೀಳುತ್ತಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಸದಸ್ಯರು ತಪ್ಪದೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿಯುವರು. ಕಿಟಕಿಯಿಂದ ಅಕ್ಕ, "ಒಳಗೆ ಬಾರೋ" ಎನ್ನುವಳು. "ಕೆಲಸ ಇದೆ ಕಣಕ್ಕ, ಬರ್ತೀನಿ" ಎಂದು ಇವರು ಲೆಕ್ಕ ಗುರುತು ಹಾಕಿಕೊಂಡು ಹೊರಡುವರು.

ಮೂರನೇ ಸಭೆಯಾದ ಮೇಲಿನ ಭಾನುವಾರ ಅಕ್ಕನಿಗೆ ತಡೆಯಲಾಗಲಿಲ್ಲ.

"ಲೋ, ಸ್ಕೂಲು ಮಕ್ಕಳಿಗೆ ಯೂನಿಫಾರಂ ಹೊಲೀತೀಯಲ್ಲ, ಮೈಗೆ ಸರಿಯಾಗಿ ಹೊಲೀತೀಯಾ?"

"ಇಲ್ಲಪ್ಪ. ಬೆಳೆಯೋ ಮಕ್ಕಳು. ಒಂದೆರಡು ಇಂಚು ಜಾಸ್ತಿನೇ ಬಿಡ್ತೀನಿ."

"ಮತ್ತೆ ಇದೇನು ಬೆಳೀತಿಲ್ವಾ?"

ಸದಸ್ಯರು ಬೆಪ್ಪಾಗಿ ಗುಂಡಿಯನ್ನೇ ನೋಡಿದರು. ಇಷ್ಟು ದಿನ ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು.

ನಾಲ್ಕನೇ ಸಭೆಯಲ್ಲಿ ಎದ್ದು ನಿಂತರು. "ಆರಡಿ," ಎಂದರು. ಬದುಕಿನಲ್ಲಿ ಮೊದಲ ಸಲ ಅಳತೆಯಲ್ಲಿ ಸುಳ್ಳು ಹೇಳಿ, ಕೂತು, ಎರಡು ಲೋಟ ನೀರು ಗಟಗಟ ಕುಡಿದರು.

ಮೂರು ವಾರಕ್ಕೆ ಆರಡಿ ಚಪ್ಪಡಿ ಹೊತ್ತ ಗಾಡಿ ಬಂತು. ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಇಂಜಿನಿಯರ್ ಬಗ್ಗಿ ಅಳೆದರು, ಮತ್ತೊಮ್ಮೆ ಅಳೆದರು. ಹುಬ್ಬು ಗಂಟಿಕ್ಕಿತು.

"ಐದಡಿ ನಾಲ್ಕಿಂಚು. ಎಂಟಿಂಚು ಗುಂಡಿ ಕಡಿಮೆ ಇದೆ ಸದಸ್ಯರೇ."

"ಕಡಿಮೆ ಇದ್ರೆ ಒಳ್ಳೇದೇ ಅಲ್ವಾ ಸಾರ್? ಚಪ್ಪಡಿ ಎರಡೂ ಕಡೆ ಭದ್ರವಾಗಿ ಕೂರುತ್ತೆ."

"ಮಂಜೂರಾಗಿರೋದು ಆರಡಿ ಗುಂಡಿ ಮುಚ್ಚೋಕೆ. ಆರಡಿ ಗುಂಡಿ ಎಲ್ಲಿದೆ ತೋರ್ಸಿ. ಗಾಡಿ ತಿರುಗಿಸ್ರಪ್ಪಾ!"

ಒಂದೇ ಒಂದು ಸುಳ್ಳು ಹೇಳಿದ್ದು, ಅದೂ ಕೈಕೊಟ್ಟಿತಲ್ಲ ಎಂದು ಸದಸ್ಯರು ಅಳುವುದೊಂದು ಬಾಕಿ. ಅಷ್ಟರಲ್ಲಿ ಕಿಟಕಿಯಿಂದ ಅಕ್ಕನ ದನಿ ಕೇಳಿತು.

"ಯಾರಪ್ಪಾ ಅದು ಗಾಡಿ ತಿರುಗಿಸೋರು? ಕೈಯಲ್ಲಿ ಹಾರೆ ಇಲ್ವಾ? ಆ ಎಂಟಿಂಚು ಒಡೀರಿ! ಗುಂಡಿ ಸಾಲದು ಅಂತ ಕೆಲಸ ನಿಲ್ಲಿಸ್ತಾರಂತೆ!"

ಬೀದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಇಂಜಿನಿಯರ್ ಮಾತ್ರ ನಗಲಿಲ್ಲ. ಫೈಲನ್ನು ಹಿಂದೆ ಮುಂದೆ ತಿರುವಿ, ಒಡೆಯಬಾರದೆಂಬ ನಿಯಮ ಎಲ್ಲೂ ಕಾಣದೆ, "ಒಡೀರಿ" ಎಂದರು. ಆಳುಗಳು ಗಟ್ಟಿಮುಟ್ಟಾಗಿದ್ದ ಅಂಚನ್ನು ಬೆವರು ಸುರಿಸಿ ಒಡೆದು ಹಾಳು ಮಾಡಿದರು. ಟೇಪು ಆರಡಿ ತೋರಿಸಿದಾಗ ಇಂಜಿನಿಯರ್ ಮುಖ ಅರಳಿತು. ಚಪ್ಪಡಿಗೆ ಆನಿಕೆಯೇ ಉಳಿಯಲಿಲ್ಲವೆಂದು ಆಮೇಲೆ ಗೊತ್ತಾಗಿ, ಎರಡೂ ಬದಿ ಇಟ್ಟಿಗೆ ಕಟ್ಟಿ, ಅದರ ಮೇಲೆ ಚಪ್ಪಡಿ ಕೂರಿಸಿದ್ದಾಯಿತು. ಅಷ್ಟೊತ್ತಿಗೆ ಮಧ್ಯಾಹ್ನ ದಾಟಿತ್ತು.

ಅಕ್ಕ ಬಾಗಿಲು ತೆರೆದು, ಕೋಲಿನಿಂದ ಮೂರು ಸಲ ಕುಟ್ಟಿ ನೋಡಿ, ಚಪ್ಪಡಿ ದಾಟಿ ಬೀದಿಗೆ ಬಂದಳು. ಜನ ಚಪ್ಪಾಳೆ ತಟ್ಟಿದರು. ಸದಸ್ಯರಿಗೆ ಕಣ್ಣು ತುಂಬಿ ಬಂತು.

"ನಡಿ ಅಕ್ಕ, ಅಂಗಡಿಗೆ ಹೋಗೋಣ."

ಅಕ್ಕ ಕದಲಲಿಲ್ಲ. "ಇಷ್ಟು ದಿನದಲ್ಲಿ ಹದಿನೇಳು ಸಲ ಬಂದೆ ನೀನು. ಎಣಿಸಿದೀನಿ. ಹದಿನೇಳು ಸಲಾನೂ ಬಗ್ಗಿ ಗುಂಡಿ ನೋಡ್ದೆ. ಒಂದ್ಸಲ ತಲೆ ಎತ್ತಿ ನನ್ನ ನೋಡಿದ್ಯೇನೋ?"

"ನೋಡದೆ ಏನು" ಎನ್ನಲು ಹೋದ ಸದಸ್ಯರು ಆಗ ನೋಡಿದರು. ಅಕ್ಕ ಹಾಕಿಕೊಂಡದ್ದು ಹೋದ ವರ್ಷ ಅವರೇ ಹೊಲಿದುಕೊಟ್ಟ ರವಿಕೆ. ಭುಜದ ಹೊಲಿಗೆ ಮೂರು ಬೆರಳು ಕೆಳಗೆ, ತೋಳಿನ ಮೇಲೆ ಜಾರಿ ಕೂತಿತ್ತು. ಕತ್ತಿನ ಸುತ್ತ ಬಟ್ಟೆ ಜೋಲುತ್ತಿತ್ತು. ಬೀದಿಯ ಆಚೆ ಬದಿ ಹೋಗುವವರ ಭುಜದಳತೆಯನ್ನು ಕಣ್ಣಲ್ಲೇ ಹೇಳುವ ಮನುಷ್ಯನಿಗೆ ಸ್ವಂತ ಅಕ್ಕ ಇಷ್ಟು ಇಳಿದುಹೋದದ್ದು ಕಂಡಿರಲಿಲ್ಲ.

"ಊಟ ಮಾಡ್ತಿಲ್ವಾ ಅಕ್ಕ?" ಎಂದರು.

"ಒಬ್ಬಳೇ ಕೂತ್ರೆ ಸೇರಲ್ಲ ಕಣೋ."

ಇಂಜಿನಿಯರ್ ಫೈಲು, ಪೆನ್ನು ಹಿಡಿದು ಪಕ್ಕಕ್ಕೆ ಬಂದರು. "ಕೆಲಸ ಮುಗೀತು ಅಂತ ಇಲ್ಲೊಂದು ಸಹಿ ಹಾಕಿ ಸದಸ್ಯರೇ."

"ಇನ್ನೂ ಮುಗಿದಿಲ್ಲ. ಸಾಯಂಕಾಲ ಬನ್ನಿ ಸಾರ್," ಎಂದ ಟೈಲರ್ ಸದಸ್ಯರು ಅಕ್ಕನ ಕೈ ಹಿಡಿದು, ಚಪ್ಪಡಿಯತ್ತ ಕಣ್ಣೂ ಹಾಯಿಸದೆ ದಾಟಿ, ಮನೆಯೊಳಗೆ ಹೋಗಿ ಎರಡು ತಟ್ಟೆ ಹಾಕಿದರು.