ತಂಪು ಸಾಹೇಬರ ತಾರಸಿ

"ಇಳೀರಿ, ಇಳೀರಿ! ಲಿಫ್ಟ್ ಏನು ನಿಮ್ಮಪ್ಪಂದಾ? ಈಗ ತಾನೆ ಒರೆಸಿಟ್ಟಿದ್ದೀನಿ, ಅಷ್ಟರಲ್ಲೇ ಬೆವರಿನ ನಾತ ಹಿಡಿಸಿಬಿಟ್ರಲ್ಲ, ದರಿದ್ರದವ್ರೇ!"

ಕಾವಲಿನವನು ಲಿಫ್ಟಿನ ಬಾಗಿಲಿಗೆ ಅಡ್ಡ ಕೈ ಹಾಕಿ ನಿಂತಿದ್ದ. ಸುಣ್ಣದಕ್ಕ ತಲೆಯ ಮೇಲಿನ ಬಣ್ಣದ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಅವಳ ಹಿಂದೆ ನಾದಿನಿ, ನಾದಿನಿಯ ಹಿಂದೆ ಸುಣ್ಣದಕ್ಕನ ಗಂಡ ಏಣಿಯಪ್ಪ. ಏಣಿ ಹೊತ್ತೂ ಹೊತ್ತೂ ಅವನಿಗೆ ಆ ಹೆಸರೇ ಗಟ್ಟಿಯಾಗಿತ್ತು. ಈಗಲೂ ಹೆಗಲ ಮೇಲೆ ಏಣಿಯಿತ್ತು, ಅದರ ಕಾಲು ಲಿಫ್ಟಿನ ಕನ್ನಡಿಗೆ ತಾಕಿದ್ದೇ ಇಷ್ಟಕ್ಕೆಲ್ಲ ಕಾರಣವಾಗಿತ್ತು.

"ಅಣ್ಣಾ, ಡಬ್ಬಿಗಳಾದ್ರೂ ಲಿಫ್ಟಲ್ಲಿ ಹೋಗ್ಲಿ. ನಾವು ಮೆಟ್ಲು ಹತ್ಕೊಂಡ್ ಬರ್ತೀವಿ. ಡಬ್ಬಿ ಬೆವರಲ್ಲ," ಎಂದ ಏಣಿಯಪ್ಪ.

"ಬಾಯಿ ಜಾಸ್ತಿಯಾಯ್ತು ನಿಂದು, ಬೋಳಿಮಗ್ನೆ."

"ಅದೊಂದೇ ಅಣ್ಣಾ ನಮ್ಮ ಮೈಯಲ್ಲಿ ಇನ್ನೂ ಒಣಗದೆ ಉಳಿದಿರೋದು."

ಸುಣ್ಣದಕ್ಕ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಮೂವರೂ ಮೆಟ್ಟಿಲು ಹತ್ತಿದರು.

ಅದು ಅಂತಿಂಥ ಕಟ್ಟಡವಲ್ಲ, ಊರಿನ ತಾಪ ಇಳಿಸುವ ಕಚೇರಿ. ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ, ರಾತ್ರಿಗಳೂ ಹಗಲಿನಂತೆ ಕುದಿಯುತ್ತಾ, ಜನ ಕೂತಲ್ಲೇ ಕುಸಿಯತೊಡಗಿದಾಗ ಸರ್ಕಾರ ಎಚ್ಚೆತ್ತು ಅದನ್ನು ತೆರೆದಿತ್ತು. ಬಿಸಿಲನ್ನು ಬಂದ ದಾರಿಗೇ ಅಟ್ಟುವ ಬಿಳಿ ಬಣ್ಣವನ್ನು ಊರಿನ ತಾರಸಿಗಳಿಗೆಲ್ಲ ಬಳಿಸುವುದು ಕಚೇರಿಯ ಮೊದಲ ಯೋಜನೆ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಮೊದಲು ಯಾರ ತಾರಸಿ ಎಂಬ ಪ್ರಶ್ನೆ ಬಂದಾಗ ಕಚೇರಿಯವರು ಸಭೆಯ ಮೇಲೆ ಸಭೆ ನಡೆಸಿ, ತಮ್ಮದೇ ಎಂದು ತೀರ್ಮಾನಿಸಿದ್ದರು. ಕೋಣೆಕೋಣೆಗೂ ಏಸಿ ಇದ್ದ ಕಟ್ಟಡ ಅದು. ಒಳಗಿನವರ ಸೆಕೆಯನ್ನೆಲ್ಲ ಹೀರಿ ತಂದು ತಾರಸಿಯ ಮೇಲೆ ಉಗುಳುವ ಪೆಟ್ಟಿಗೆಗಳು ಅಲ್ಲಿ ಸಾಲಾಗಿ ಗುರುಗುಟ್ಟುತ್ತಿದ್ದವು. ಆ ಬಿಸಿಗಾಳಿಗೆ ಬೆನ್ನು ಕೊಟ್ಟು, ಮೇಲಿನ ಬಿಸಿಲಿಗೆ ತಲೆ ಕೊಟ್ಟು, ಕೆಳಗಿನವರು ಇನ್ನಷ್ಟು ತಂಪಾಗಿರಲೆಂದು ಈ ಮೂವರು ಬಿಳಿ ಬಳಿಯುತ್ತಿದ್ದರು.

ಯೋಜನೆಯ ಅಧಿಕಾರಿ ದಿನಕ್ಕೊಮ್ಮೆ ಮೇಲೆ ಬರುತ್ತಿದ್ದರು. ಅವರ ಹುದ್ದೆಯ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಏಣಿಯಪ್ಪ ಅವರಿಗೆ 'ತಂಪು ಸಾಹೇಬರು' ಎಂದು ನಾಮಕರಣ ಮಾಡಿದ್ದ. ಒಳ್ಳೆಯ ಮನುಷ್ಯರೇ. ಕೈ ಎತ್ತಿದವರಲ್ಲ, ಬಾಯಿ ಹರಿಯಬಿಟ್ಟವರಲ್ಲ. ಬೈಯುವ ಕೆಲಸವನ್ನು ಮೇಸ್ತ್ರಿಗೆ ವಹಿಸಿದ್ದರು.

"ನೋಡಿ, ಕಪ್ಪು ಬಣ್ಣ ಬಿಸಿಲನ್ನ ಕುಡಿಯುತ್ತೆ. ಬಿಳಿ ಬಣ್ಣ ವಾಪಸ್ ಕಳಿಸುತ್ತೆ. ಇಷ್ಟೇ ವಿಜ್ಞಾನ," ಎಂದು ಮೆಟ್ಟಿಲ ಬಾಗಿಲಿನ ನೆರಳಲ್ಲೇ ನಿಂತು ಅವರು ಒಂದು ದಿನ ತಿಳಿಸಿ ಹೇಳಿದರು.

"ಹಂಗಾದ್ರೆ ಸಾಹೇಬ್ರೆ, ಮಿಕ್ಕಿದ್ರೆ ನಮ್ಗೂ ಒಂದು ಕೋಟು ಹೊಡೆಸಿಬಿಡಿ," ಎಂದು ಏಣಿಯಪ್ಪ ತನ್ನ ತೋಳು ಚಾಚಿ ತೋರಿಸಿದ. "ಹುಟ್ಟಿದಾಗಿಂದ ಕುಡೀತಾನೇ ಇದೆ ಇದು."

ಸಾಹೇಬರು ನಕ್ಕರು. ಹಿಂದೆ ನಿಂತಿದ್ದ ಮೇಸ್ತ್ರಿ, ಸಾಹೇಬರು ನಕ್ಕದ್ದನ್ನು ಖಾತ್ರಿ ಮಾಡಿಕೊಂಡು ತಾನೂ ನಕ್ಕ.

ಸುಣ್ಣದಕ್ಕನಿಗೆ ನಗು ಬರಲಿಲ್ಲ. ಅವಳು ತಾರಸಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಕಾಂಪೌಂಡಿನ ಆಚೆ, ಈ ಕಟ್ಟಡ ಕಟ್ಟಲು ಬಂದವರು ಅಂದು ಹಾಕಿಕೊಂಡು ಇಂದಿಗೂ ಬದುಕುತ್ತಿದ್ದ ತಗಡಿನ ಮನೆಗಳಿದ್ದವು. ತುಕ್ಕು ಹಿಡಿದು ಕಪ್ಪಾದ ತಗಡು. ಮೂರನೆಯ ಮನೆ ಅವಳದ್ದು. ಅದರೊಳಗೆ ಹಸಿ ಬಾಣಂತಿ ಸೊಸೆ, ಸೊಸೆಯ ಮಗ್ಗುಲಲ್ಲಿ ಗಂಡು ಕೂಸು. ಮಗ ಬೇರೆ ಯಾವುದೋ ಊರಿನಲ್ಲಿ ಬೇರೆ ಯಾರದೋ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಹೋದ ಬೇಸಿಗೆಯಲ್ಲಿ ಸೊಸೆಯ ಮೊದಲ ಕೂಸು ಇದೇ ತಗಡಿನಡಿ ಮೈ ಕಾದು ತೀರಿಹೋಗಿತ್ತು. ಅಳದೆ, ಕಿರುಚದೆ, ಮಧ್ಯಾಹ್ನ ಮಲಗಿದ್ದು ಏಳಲೇ ಇಲ್ಲ. ಈ ಕೂಸೂ ನಿನ್ನೆಯಿಂದ ಸರಿಯಾಗಿ ಮೊಲೆ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಯವರು ಹಣೆ ಮುಟ್ಟಿ ನೋಡಿ, ತಂಪಾದ ಜಾಗದಲ್ಲಿ ಇಡಿ ಎಂದು ಹೇಳಿ ಕಳಿಸಿದ್ದರು. ತಂಪಾದ ಜಾಗವೆಂದರೆ ಅವಳಿಗೆ ತಿಳಿದಿದ್ದು ಈ ಕಚೇರಿಯ ಹಜಾರ ಒಂದೇ. ಸೊಸೆ ಅಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಬದಿಗೆ ಕೂತಿದ್ದಕ್ಕೆ ಕಾವಲಿನವನು ಎಬ್ಬಿಸಿ ಅಟ್ಟಿದ್ದ.

ಸುಣ್ಣದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಸಾಹೇಬರ ಮುಂದೆ ಬಂದಳು.

"ಸಾಹೇಬ್ರೆ, ಬಣ್ಣ ಮೂರು ಡಬ್ಬಿ ಉಳಿಯೋ ಹಂಗಿದೆ. ಒಂದು ಡಬ್ಬಿ ಕೊಟ್ರೆ ನಮ್ಮ ಮನೆ ತಗಡಿಗೆ ಬಳ್ಕೋತೀವಿ. ಎಳೆ ಕೂಸು ಐತೆ."

"ಅಯ್ಯೋ, ಅದು ಸಾಧ್ಯ ಇಲ್ಲಮ್ಮ," ಎಂದರು ಸಾಹೇಬರು, ನಿಜವಾಗಿಯೂ ನೊಂದವರ ಹಾಗೆ. "ಯೋಜನೆ ಇರೋದು ಕಟ್ಟಡಗಳಿಗೆ. ನಿಮ್ದು ಕಟ್ಟಡ ಅಲ್ಲ."

"ಮತ್ತೇನು ಸಾಹೇಬ್ರೆ?"

"ಒತ್ತುವರಿ."

"ಒತ್ತುವರಿ ಮೇಲೆ ಬಿಸಿಲು ಬೀಳಲ್ವಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಹಾಗಲ್ಲಮ್ಮ. ಮೇಲಿಂದ ತೆಗೆಯೋ ಫೋಟೋದಲ್ಲಿ ಬಿಳಿ ಕಂಡಿದ್ದೆಲ್ಲ ಯೋಜನೆಗೆ ಸೇರಿದ ಮನೆ ಅಂತ ಆಗುತ್ತೆ. ನಿಮ್ದೂ ಬಿಳಿ ಕಂಡ್ರೆ, ನಾಳೆ ಅದನ್ನೂ ಮನೆ ಅಂತ ಒಪ್ಕೋಬೇಕಾಗುತ್ತೆ. ಅದು ದೊಡ್ಡ ತಲೆನೋವು."

ಅವರು ಇಳಿದು ಹೋದ ಮೇಲೆ ಮೇಸ್ತ್ರಿ ತನ್ನ ಪಾಲಿನ ಕೆಲಸ ಶುರು ಮಾಡಿದ.

"ಏನೇ, ಸಾಹೇಬ್ರ ಹತ್ರಾನೇ ನೇರವಾಗಿ ಮಾತಾಡೋಷ್ಟು ದೊಡ್ಡವಳಾದ್ಯಾ? ಕೇಳು ಇಲ್ಲಿ. ಡಬ್ಬಿಗಳು ಖಾಲಿ ಅಂತ ತೋರಿಸ್ಬೇಕು, ಇಲ್ದಿದ್ರೆ ಬರೋ ವರ್ಷ ಇಷ್ಟು ಬಣ್ಣ ಕಳ್ಸಲ್ಲ. ನಾಳೆ ದೊಡ್ಡವರು ಬಂದು ಹೋದ ಮೇಲೆ ಉಳಿದಿದ್ದನ್ನ ಚರಂಡಿಗೆ ಸುರಿದುಬಿಡು."

"ಚರಂಡಿಗಾ?"

"ಹೂಂ, ಚರಂಡಿಗೆ. ಅದಕ್ಕೂ ಸೆಕೆ ಆಗಲ್ವಾ?" ಎಂದು ತನ್ನ ಜೋಕಿಗೆ ತಾನೇ ನಕ್ಕು ಮೇಸ್ತ್ರಿ ಮೆಟ್ಟಿಲಿಳಿದ.

"ನಿನ್ನ ಬಾಯಿಗೆ ಮಣ್ಣು ಬೀಳ," ಎಂದಳು ನಾದಿನಿ. ಅವಳು ದಿನಕ್ಕೆ ಒಂದೋ ಎರಡೋ ಮಾತಾಡುವ ಹೆಂಗಸು, ಅಂದಿನ ಪಾಲು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಬೆಳಗ್ಗೆ ಬೇಗ ಬರಬೇಕಿದ್ದ ದೊಡ್ಡವರು ಸೂರ್ಯ ನೆತ್ತಿಗೇರಿದ ಮೇಲೆ ಬಂದರು. ದೊಡ್ಡವರೆಂದರೆ ತಂಪು ಸಾಹೇಬರಿಗೂ ಸಾಹೇಬರು. ಅವರ ಕೈಯಿಂದಲೇ ಕೊನೆಯ ಕುಂಚ ಹೊಡೆಸಬೇಕೆಂದು ತಾರಸಿಯ ನಟ್ಟನಡುವೆ ಚಾಪೆಯಗಲ ಜಾಗವನ್ನು ಬಳಿಯದೆ ಬಿಟ್ಟಿದ್ದರು. ಅಲ್ಲಿಗೆ ನಡೆದು ಹೋಗಲು ಮೆಟ್ಟಿಲ ಬಾಗಿಲಿಂದ ಒಂದು ದಾರಿಯನ್ನೂ ಬಿಟ್ಟಿದ್ದರು. ಮಿಕ್ಕಿದ್ದೆಲ್ಲ ಎರಡನೆಯ ಕೋಟು ಬಿದ್ದು, ಇನ್ನೂ ಅಂಟಂಟಾಗಿ, ಕಣ್ಣು ಬಿಡಲಾಗದಷ್ಟು ಬೆಳ್ಳಗಿತ್ತು.

"ದೊಡ್ಡವರು ಕುಂಚ ಹೊಡೆದು, ಮಾತಾಡಿ, ವಾಪಸ್ ಕೆಳಗೆ ಇಳೀತಾರೆ. ಆಮೇಲೆ ಈ ದಾರಿ ಬಳೀರಿ. ಆಮೇಲೆ ಡ್ರೋನ್ ಮೇಲಿಂದ ಫೋಟೋ ತೆಗೆಯುತ್ತೆ," ಎಂದು ತಂಪು ಸಾಹೇಬರು ಹೇಳಿಕೊಟ್ಟರು. "ಒಂದು ಕಪ್ಪು ಗೆರೆ ಕಾಣಬಾರದು, ಒಂದು ಹೆಜ್ಜೆ ಮೂಡಬಾರದು. ಈ ಫೋಟೋ ತುಂಬಾ ದೂರ ಹೋಗುತ್ತೆ. ಅಲ್ಲೀವರೆಗೂ ನೀವು ಕಣ್ಣಿಗೆ ಬೀಳಬೇಡಿ."

ಮೂವರೂ ಮೆಟ್ಟಿಲ ಬಾಗಿಲ ಪಕ್ಕದ ನೀರಿನ ಟ್ಯಾಂಕಿನ ಹಿಂದೆ ಕೂತರು. ದೊಡ್ಡವರು ಬಂದರು. ಕಾವಲಿನವನು ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದ, ಮೇಸ್ತ್ರಿ ಹೊಸ ಕುಂಚವನ್ನು ತಟ್ಟೆಯಲ್ಲಿಟ್ಟುಕೊಂಡು ತಲೆ ತಗ್ಗಿಸಿ ನಡೆದ, ತಂಪು ಸಾಹೇಬರು ಪಕ್ಕದಲ್ಲಿ ಬಗ್ಗಿ ಬಗ್ಗಿ ದಾರಿ ತೋರಿದರು. ದೊಡ್ಡವರು ಕುಂಚ ಎತ್ತಿ, ಗಿಡಕ್ಕೆ ನೀರು ಚಿಮುಕಿಸುವವರ ಹಾಗೆ ಎರಡು ಸಲ ಆಡಿಸಿ, ಕೈ ಒರೆಸಿಕೊಂಡು ಭಾಷಣಕ್ಕೆ ನಿಂತರು.

"ಭೂಮಿ ಬಿಸಿಯಾಗುತ್ತಿದೆ. ಇದು ನಮ್ಮ ನಿಮ್ಮೆಲ್ಲರ ಸಮಸ್ಯೆ. ಈ ಬೇಸಿಗೆಯಲ್ಲಿ ಒಂದು ಜೀವವೂ ಸೆಕೆಗೆ ಬಲಿಯಾಗಬಾರದು ಎಂಬುದು ನಮ್ಮ ಸಂಕಲ್ಪ..."

ನಾದಿನಿ ಸುಣ್ಣದಕ್ಕನ ತೋಳು ಹಿಡಿದೆಳೆದು ಕೆಳಗೆ ತೋರಿಸಿದಳು. ತಗಡಿನ ಮನೆಯ ಮುಂದೆ ಸೊಸೆ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಒಳಗಿರಲಾರದೆ ಹೊರಗೆ ಬಂದಿದ್ದಳು, ಹೊರಗೆ ನೆರಳಿರಲಿಲ್ಲ. ಗೋಡೆಯ ಬದಿಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಕೂಸಿನ ಕೈ ಒಂದು ಕಡೆ ಜೋತು ಬಿದ್ದಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಒಳಗೇ ಹೋದಳು.

ಸುಣ್ಣದಕ್ಕ ಎದ್ದು, ಉದ್ದ ಕೋಲಿನ ಕುಂಚವನ್ನು ಡಬ್ಬಿಗೆ ಅದ್ದಿದಳು.

"ಲೇ, ಅವರಿನ್ನೂ ಇಳಿದಿಲ್ಲ ಕಣೇ," ಎಂದ ಏಣಿಯಪ್ಪ ಪಿಸುಗುಟ್ಟುತ್ತಾ.

"ಅವರು ಇಳಿದ್ರೆ ಡಬ್ಬಿ ಚರಂಡಿಗೆ ಹೋಗ್ತದೆ. ಹಿಡ್ಕೋ ಆ ಕಡೆ."

ಏಣಿಯಪ್ಪ ಒಂದು ಗಳಿಗೆ ಹೆಂಡತಿಯ ಮುಖ ನೋಡಿದ. ಆಮೇಲೆ ಅವನ ಮುಖದ ತುಂಬ ನಗು ಹರಡಿತು. ಬಣ್ಣ ಬಳಿಯುವವರು ಯಾವಾಗಲೂ ದೂರದಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದಕ್ಕೆ ಸರಿಯುತ್ತಾ ಬರುತ್ತಾರೆ, ಅದು ಕಸುಬಿನ ಮೊದಲ ಪಾಠ. ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ ಆ ನಾಲ್ವರ ಹಿಂದೆ, ನಾಲ್ಕಾರು ಅಡಿ ದೂರದಿಂದ, ಗಂಡ ಹೆಂಡತಿ ನಿಶ್ಶಬ್ದವಾಗಿ ಹಿಂದಕ್ಕೆ ಸರಿಯುತ್ತಾ ದಾರಿಯನ್ನು ದಪ್ಪಗೆ ಬಳಿದುಕೊಂಡು ಬಂದರು. ಅಷ್ಟರಲ್ಲಿ ನಾದಿನಿ ಉಳಿದಿದ್ದ ಮೂರು ಡಬ್ಬಿಗಳನ್ನೂ ಮೆಟ್ಟಿಲ ಬಾಗಿಲಿಗೆ ಸಾಗಿಸಿದ್ದಳು.

ಚಪ್ಪಾಳೆ ಮುಗಿಯಿತು. ತಂಪು ಸಾಹೇಬರು "ಬನ್ನಿ ಸರ್" ಎಂದು ತಿರುಗಿ, ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದರು.

"ಏನಮ್ಮಾ ಮಾಡಿದೆ ಇದು?"

"ಕಪ್ಪು ಗೆರೆ ಕಾಣಬಾರದು ಅಂದ್ರಲ್ಲ ಸಾಹೇಬ್ರೆ. ಒಂಚೂರೂ ಕಾಣಲ್ಲ ಈಗ," ಎಂದಳು ಸುಣ್ಣದಕ್ಕ ಬಾಗಿಲಲ್ಲಿ ನಿಂತು, ಬಲು ವಿನಯದಿಂದ.

"ನಾವು ಬರೋದು ಹೇಗೆ?"

"ಒಣಗಿದ ಮೇಲೆ ಬನ್ನಿ. ಈಗ ಕಾಲಿಟ್ರೆ ಹೆಜ್ಜೆ ಮೂಡ್ತದೆ. ಫೋಟೋ ಬೇರೆ ತುಂಬಾ ದೂರ ಹೋಗ್ಬೇಕು."

"ಸೂಳೆಮುಂಡೆ, ನಿನ್ನ ಸಿಗಿದು ಹಾಕ್ತೀನಿ!" ಎಂದು ಮೇಸ್ತ್ರಿ ನುಗ್ಗಲು ಹೋದ. ತಂಪು ಸಾಹೇಬರೇ ಅವನ ಅಂಗಿ ಹಿಡಿದು ನಿಲ್ಲಿಸಿದರು. ಚಪ್ಪಾಳೆ ಕೇಳಿ ಕೆಳಗಿನವರು ಬಿಟ್ಟ ಡ್ರೋನ್ ಆಗಲೇ ಗುಂಯ್‌ಗುಡುತ್ತಾ ಮೇಲೆದ್ದಿತ್ತು. ದೊಡ್ಡವರು ಒಮ್ಮೆ ತಮ್ಮ ಬೂಟು ನೋಡಿಕೊಂಡರು, ಒಮ್ಮೆ ಆಕಾಶ ನೋಡಿದರು. ಏಸಿ ಪೆಟ್ಟಿಗೆಗಳು ಅವರ ಮೇಲೆ ಭೇದಭಾವವಿಲ್ಲದೆ ಬಿಸಿಗಾಳಿ ಊದುತ್ತಿದ್ದವು. ಒಂದೇ ಕೊಡೆಯ ಕೆಳಗೆ ನಾಲ್ವರೂ ಹತ್ತಿರ ಹತ್ತಿರ ಸರಿದು ನಿಂತರು. ಕಾವಲಿನವನು ದೊಡ್ಡವರಿಗೆ ಇಷ್ಟು ಸಮೀಪ ನಿಂತದ್ದು ಅದೇ ಮೊದಲು.

"ಸೆಕೆ ಆದ್ರೆ ಕೂತ್ಕೊಳ್ಳಿ ಸಾಹೇಬ್ರೆ," ಎಂದು ಏಣಿಯಪ್ಪ ಏಣಿಯನ್ನು ಹೆಗಲಿಗೇರಿಸುತ್ತಾ ಕೂಗಿ ಹೇಳಿದ. "ಬಿಳಿ ಬಣ್ಣ ಅಲ್ವಾ, ತಂಪಾಗಿರ್ತದೆ!"

ಮೂವರೂ ಡಬ್ಬಿಗಳ ಸಮೇತ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಇಳಿದರು. ನಾದಿನಿ ನೇರ ತಗಡಿನ ಮನೆಯೊಳಗೆ ಹೋಗಿ ಸೀರೆಯೊಂದನ್ನು ನೀರಲ್ಲಿ ಅದ್ದಿ ಕೂಸಿಗೆ ಸುತ್ತಿದಳು. ಏಣಿಯಪ್ಪ ಏಣಿ ಒರಗಿಸಿ ಹಿಡಿದ. ಸುಣ್ಣದಕ್ಕ ಮೊಣಕಾಲ ಕೆಳಗೆ ಗೋಣಿ ಹಾಕಿಕೊಂಡು ತಗಡಿನ ಮೇಲೇರಿದಳು. ಗೋಣಿ ದಾಟಿ ಬಿಸಿ ಚುರ್ರೆಂದಿತು. ಸೊಸೆ ಮಲಗುತ್ತಿದ್ದ ಮೂಲೆ ಎಲ್ಲಿ ಬರುತ್ತದೆಂದು ಅಂದಾಜು ಮಾಡಿ, ಅಲ್ಲಿಂದಲೇ ಮೊದಲ ಕುಂಚ ಎಳೆದಳು. ಬಣ್ಣ ತುಕ್ಕಿನ ಮೇಲೆ ಹೊಗೆಯಾಡಿ, ಕೂತಿತು. ಕಸುಬಿಗೆ ಇಳಿದಾಗಿನಿಂದ ಅವಳು ಎಷ್ಟೋ ಜನರ ಮನೆಗೆ ಬಣ್ಣ ಬಳಿದಿದ್ದಳು, ತನ್ನ ಮನೆಗೆ ಬಳಿದದ್ದು ಇದೇ ಮೊದಲು. ಅವಳಿಗೆ ಅಳು ಬಂತು. ಅಳುತ್ತಲೇ ಬಳಿದಳು.

"ಕೂಸು ಕುಡೀತಾ?" ಎಂದು ಬಗ್ಗಿ ತಗಡಿಗೆ ಕೇಳಿದಳು.

"ಬಾಯಿಗೆ ಇಡ್ತಾ ಇದ್ದೀನಿ ಅತ್ತೆ," ಎಂದು ಒಳಗಿಂದ ಸೊಸೆಯ ದನಿ ಬಂತು. ಆಮೇಲೆ ಏನೂ ಕೇಳಿಸಲಿಲ್ಲ.

ಅಕ್ಕಪಕ್ಕದ ಮನೆಗಳ ಹೆಂಗಸರು ಒಬ್ಬೊಬ್ಬರೇ ಹೊರಗೆ ಬಂದು, ಉಳಿದೆರಡು ಡಬ್ಬಿಗಳ ಸುತ್ತ ನಿಂತರು. ಒಬ್ಬಳು ಪೊರಕೆ ತಂದಳು, ಇನ್ನೊಬ್ಬಳು ಹಳೆಯ ಬಟ್ಟೆ ಕಟ್ಟಿದ ಕೋಲು ತಂದಳು. ಡ್ರೋನ್ ಕಚೇರಿಯ ಮೇಲೆ ಒಂದು ಸುತ್ತು ಹೊಡೆದು, ತಗಡುಗಳ ಕಡೆಗೂ ಹೊರಳಿತು.

ಸುಣ್ಣದಕ್ಕ ಅರ್ಧ ತಗಡು ಮುಗಿಸುವಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. ಮೊಣಕಾಲಿನವರೆಗೆ ಬೆಳ್ಳಗಾಗಿದ್ದ. ತಾರಸಿಯ ಮೇಲೆ ಬಿದ್ದೆದ್ದು ಬಂದಿರಬೇಕು. ಅವನ ಹಿಂದೆ ಕಾವಲಿನವನು, ಅವನ ಹಿಂದೆ ಗೇಟಿನ ಬಳಿ ಪೊಲೀಸ್ ಜೀಪಿನ ಸದ್ದು.

"ಇಳಿಯೇ ಕೆಳಗೆ, ಕಳ್ಳಮುಂಡೆ! ಇಳೀತೀಯೋ ಇಲ್ಲ ತಗಡು ಸಮೇತ ಕಿತ್ತು ಹಾಕ್ಲೋ?" ಎಂದು ಅವನು ತಗಡಿನ ಗೋಡೆಗೆ ಧಡಧಡನೆ ಗುದ್ದಿದ.

ಸುಣ್ಣದಕ್ಕ ಮೇಲಿಂದ ಬಗ್ಗಿ, ತುಟಿಯ ಮೇಲೆ ಬೆರಳಿಟ್ಟಳು. ಬೆರಳು ಬೆಳ್ಳಗಿತ್ತು.

"ಮೆತ್ತಗೆ ಮಾತಾಡಿ ಮೇಸ್ತ್ರಿ. ಕೂಸು ಮಲಗಿದೆ."

ಮಲಗಿದೆಯೋ ಏನೋ, ಅವಳಿಗೂ ಗೊತ್ತಿರಲಿಲ್ಲ. ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದಳು.