ಕೋಟು ಮೈಮೇಲಿರುವಾಗ

ಬಾಯೊಳಗೆ ಉಪ್ಪುಪ್ಪು, ರಕ್ತ ಇನ್ನೂ ನಿಂತಿಲ್ಲ, ತುಟಿಯನ್ನು ನಾಲಿಗೆಯಿಂದ ಒತ್ತಿಕೊಂಡೇ ನಗಬೇಕು, ತಪಾಸಣೆಗೆ ಬಂದ ಮೇಡಂ ಎದುರಿನ ಕುರ್ಚಿಯಲ್ಲೇ ಕೂತಿದ್ದಾರೆ, ತುಟಿಗೇನಾಯ್ತಮ್ಮಾ, ಏನಿಲ್ಲ ಮೇಡಂ, ಬಚ್ಚಲ ಬಾಗಿಲು ತಗುಲಿತು — ಬಾಗಿಲಲ್ಲ, ನನ್ನ ಮಗನ ತಲೆ, ಮೀಸೆ ಬಂದರೂ ಪಾಪು ಎಂದೇ ಕರೆಸಿಕೊಳ್ಳುವವನ ತಲೆ, ಬೆಳಿಗ್ಗೆ ಬಚ್ಚಲ ಸ್ಟೂಲಿನಿಂದ ಎತ್ತಲು ಬಗ್ಗಿದಾಗ ಗೂಳಿಯ ಹಾಗೆ ಗುದ್ದಿದ, ಹಲ್ಲು ತುಟಿಯೊಳಗೆ ಇಳಿಯಿತು, ಈಗ ನೋಡಿದರೆ ಗಾಲಿಕುರ್ಚಿಯಲ್ಲಿ ಏನೂ ಅರಿಯದವನಂತೆ ಕೂತು ಚಮಚದಿಂದ ಕುರ್ಚಿಯ ಕಂಬಿಗೆ ಟಣ್ ಟಣ್ ಬಡಿಯುತ್ತಿದ್ದಾನೆ, ನೀವು ಬಂದ್ಮೇಲೆ ನಮಗೂ ನಿಶ್ಚಿಂತೆ ಕಣಮ್ಮಾ, ಬೇರೆ ಕೆಲಸದವರೆಲ್ಲ ವಾರ ತುಂಬೋದ್ರೊಳಗೆ ಓಡಿಹೋಗ್ತಿದ್ರು, ನಾನು ಬಂದ ಮೇಲಂತೆ, ಇವನನ್ನು ಹೆತ್ತಾಗಿನಿಂದ ನಾನು ಎಲ್ಲಿಗೆ ಹೋಗಿದ್ದೆನೋ. ಅಂಗವಿಕಲರ ಕಚೇರಿಯವರು ಇವನನ್ನು ನೋಡಿಕೊಳ್ಳಲು ನನ್ನನ್ನೇ ಕೆಲಸಕ್ಕಿಟ್ಟುಕೊಂಡು ಈ ನೀಲಿ ಕೋಟು ಕೊಟ್ಟಾಗ ಪಾಪುವಿನ ಅಪ್ಪ ನಕ್ಕಿದ್ದೇ ನಕ್ಕಿದ್ದು, ಹೆತ್ತ ಮಗನ ಮೈ ತೊಳೆಯೋಕೆ ಸಂಬಳವಾ, ನಂಗೂ ಒಂದು ಕೆಲಸ ಕೊಡಿಸೇ, ನಿನ್ನ ಗಂಡನಾಗಿರೋಕೆ — ಅವತ್ತು ಮೇಡಂ ನಗಲಿಲ್ಲ, ಕೋಟು ಮೈಮೇಲಿರುವಾಗ ನೀವು ಅಮ್ಮ ಅಲ್ಲ, ನಮ್ಮ ಸಿಬ್ಬಂದಿ, ಒಂದೇ ಒಂದು ಏಟು ಬಿದ್ರೂ ಅವನನ್ನ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀವಿ ಎಂದರು. ಆ ಕೇಂದ್ರವನ್ನು ನೋಡಿದ್ದೇನೆ, ಸಾಲು ಮಂಚ, ಮಂಚದ ಸರಳಿಗೆ ಬಟ್ಟೆಯಲ್ಲಿ ಬಿಗಿದ ಮಣಿಕಟ್ಟುಗಳು, ಯಾರ ಬಾಯಲ್ಲೂ ಸದ್ದಿಲ್ಲ, ನನ್ನ ಪಾಪುವನ್ನು ಅಲ್ಲಿ ಬಿಡುವುದಕ್ಕಿಂತ ಇಬ್ಬರೂ ಬಾವಿಗೆ ಬೀಳುವುದು ಮೇಲು.

ಅದಕ್ಕೇ ಕೋಟು ಹಾಕಿಕೊಂಡು ಒಂದು ದಿನವೂ ಕೈ ಎತ್ತಿಲ್ಲ, ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು — ಅವನು ಕಚ್ಚಿದಾಗ, ಕೂದಲು ಬುಡಸಮೇತ ಕಿತ್ತಾಗ, ಹೇಲು ತೆಗೆದು ಗೋಡೆಗೆ ಬಳಿದಾಗ, ಮೊದಲು ಗುಂಡಿ ಬಿಚ್ಚುತ್ತೇನೆ, ಮೇಲಿನಿಂದ ಒಂದೊಂದಾಗಿ, ಕೋಟನ್ನು ಮೊಳೆಗೆ ನೇತುಹಾಕುತ್ತೇನೆ, ಆಮೇಲೆ ಅಮ್ಮನಾಗಿ ಬಾರಿಸುತ್ತೇನೆ, ಬೆನ್ನಿಗೆ, ತೊಡೆಗೆ, ಅಂಗೈ ಉರಿಯುವ ತನಕ, ಇವತ್ತು ಕೈ ಸಾಲದೆ ಬಚ್ಚಲ ಮಗ್ಗು ತೆಗೆದುಕೊಂಡೆ, ಅದರ ಹಿಡಿ ಮುರಿಯಿತು, ಸಾಯಿ, ಇಲ್ಲ ನನ್ನನ್ನಾದರೂ ಸಾಯಿಸು, ಅವನು ಮ್ಮಾ ಮ್ಮಾ ಎಂದ, ಅವನಿಗೆ ಬರುವುದು ಅದೊಂದೇ ಮಾತು, ಹೊಡೆಯುವವಳನ್ನು ಕರೆಯುವುದೂ ಅದರಲ್ಲೇ, ಬಿಡಿಸು ಬಾ ಎಂದು ಕರೆಯುವುದೂ ಅದರಲ್ಲೇ. ಮತ್ತೆ ಕೋಟು ತೊಟ್ಟೆ, ಮುಲಾಮು ಹಚ್ಚಿದೆ, ತುಂಬುತೋಳಿನ ಅಂಗಿ ಹಾಕಿದೆ, ಹಣೆಗೆ ಮುತ್ತಿಟ್ಟೆ, ಕೋಟಿನವಳು ಬಹಳ ಒಳ್ಳೆಯವಳು, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಡಂ ಏಳುತ್ತಿದ್ದಾರೆ, ಪಾಪುವಿನ ತಲೆ ಸವರುತ್ತಿದ್ದಾರೆ, ತೋಳು ಸರಿಸಿ ನೋಡಲಿಲ್ಲ, ಬದುಕಿದೆ, ಟಣ್ ಟಣ್, ಏನಮ್ಮಾ ಇಷ್ಟೊಂದು ಬೆವರ್ತಿದ್ದೀರಿ, ಇವತ್ತಿಗೆ ಸಾಕು, ಆ ಕೋಟು ಬಿಚ್ಚಿಟ್ಟು ಒಂದು ಲೋಟ ನೀರು ಕುಡೀರಿ, ನಾನಿದ್ದೀನಲ್ಲ, ಹೌದು ಮೇಡಂ, ಸೆಕೆ, ನಗುತ್ತಲೇ ಇದ್ದೇನೆ, ಕೈ ತಾನಾಗಿ ಕತ್ತಿನ ಬಳಿ ಹೋಗಿದೆ, ಮೇಲಿನ ಗುಂಡಿ — ಟಣ್ ಟಣ್ ನಿಂತಿತು, ಚಮಚ ನೆಲಕ್ಕೆ ಬಿತ್ತು, ಪಾಪು ಎರಡೂ ಮೊಣಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು ಕುಗ್ಗಿದ್ದಾನೆ, ಮ್ಮಾ, ಮೇಡಂ ಅವನನ್ನು ನೋಡುತ್ತಾರೆ, ನನ್ನ ಬೆರಳುಗಳನ್ನು ನೋಡುತ್ತಾರೆ, ಗುಂಡಿ ಹಾಕು, ಹಾಕು ಬೇಗ, ಬೆರಳು ಓಡುತ್ತಿಲ್ಲ, ಅರ್ಧ ಬಿಚ್ಚಿದ ಗುಂಡಿ, ಮುಖಕ್ಕೆ ಅಡ್ಡ ಮೊಣಕೈ, ಅರ್ಧ ಬಿಚ್ಚಿದ ಗುಂಡಿ, ಮೊಣಕೈ