ಗೀರು ಮುಚ್ಚುವ ಹೊತ್ತು

ಪ್ರಮೀಳಾ ನಾಗಮಂಗಲದ ಕಡೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ರಕ್ತನಾಳದ ಜೀವಕೋಶಗಳನ್ನು ಬೆಳೆಸುತ್ತಾಳೆ. ಒಂದು ತಟ್ಟೆಗೆ ಹದವಾದ ಸಕ್ಕರೆ, ಒಂದಕ್ಕೆ ತುಸು ಹೆಚ್ಚು, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಯವರ ರಕ್ತದಲ್ಲಿರುವಷ್ಟು. ಕೋಶಗಳು ಒತ್ತಾಗಿ ಹಬ್ಬಿದ ಮೇಲೆ ನಡುವೆ ಗೀರೊಂದನ್ನು ಎಳೆದು ಕಾಯುತ್ತಾಳೆ. ಮೊದಲನೆಯದರಲ್ಲಿ ಗೀರು ಬೇಗ ಮುಚ್ಚಿಕೊಳ್ಳುತ್ತದೆ. ಕೊನೆಯದರಲ್ಲಿ ಬಾಯಿ ತೆರೆದೇ ಇರುತ್ತದೆ. ಅವಳನ್ನು ಕಾಡುವುದು ನಡುವಿನದು. ನೋಡಲು ಚೆನ್ನಾಗಿಯೇ ಇದ್ದು, ಮುಚ್ಚಿಕೊಳ್ಳಲು ಮಾತ್ರ ತಡಮಾಡುತ್ತದೆ.

ಪಾಂಡವಪುರದ ಮನೆಯಲ್ಲಿ ಈಗ ಅವಳು ಮತ್ತು ಅತ್ತೆ ಪುಟ್ಟತಾಯಮ್ಮ, ಇಬ್ಬರೇ. ಗಂಡ ಚಲುವರಾಜು ತೀರಿಕೊಂಡ ಮೇಲೆ ಅತ್ತೆ ಸೊಸೆ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಾರೆ. ಒಟ್ಟಿಗೆ ಕೂರುವುದು ಸಂಜೆಯ ಬೆಲ್ಲದ ಕಾಫಿಗೆ ಮಾತ್ರ. ಮಾತಿಲ್ಲ. ಲೋಟ ಬರಿದಾಗುವವರೆಗೆ ಕೂರುತ್ತಾರೆ, ಅಷ್ಟೆ.

ಹೋದ ವರ್ಷ ಡಾಕ್ಟರು ಅತ್ತೆಗೆ ಸಕ್ಕರೆ ಬಾರ್ಡರಿನಲ್ಲಿದೆ ಎಂದಿದ್ದರು. ಈ ವರ್ಷ ಸಕ್ಕರೆ ಕಾಯಿಲೆಯೇ ಎಂದರು. ಕಟಾವಾದ ಕಬ್ಬಿನ ಕೂಳೆ ಚುಚ್ಚಿದ ಕಾಲಿನ ಹೆಬ್ಬೆರಳ ಗಾಯ ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ಸಂಜೆ ಪ್ರಮೀಳಾ ಲೋಟ ಮುಟ್ಟಲಿಲ್ಲ.

“ಅತ್ತೆ, ಈ ಕಾಫಿ ಬಿಡಬೇಕು.”

“ಡಾಕ್ಟ್ರು ಸಕ್ರೆ ಬುಡು ಅಂದ್ರು, ಬುಟ್ಟಿವ್ನಿ. ಬೆಲ್ಲದ ಮಾತೇ ಆಡ್ನಿಲ್ಲ ಕಣವ್ವ.”

“ರಕ್ತಕ್ಕೆ ಎರಡೂ ಒಂದೇ.”

“ನಮ್ಮ ಆಲೆಮನೇದು. ಅಂಗಡೀದಲ್ಲ.”

ಪ್ರಮೀಳಾ ಫೋನಿನಲ್ಲಿ ಮೂರನೆಯ ತಟ್ಟೆಯ ಚಿತ್ರ ತೋರಿಸಿದಳು.

“ಇದೇನು, ನಾಟಿ ಹಾಕ್ದಂಗೈತೆ. ನಡುವೆ ತುಳ್ಕೊಂಡು ಹೋದೋನು ಯಾವನು?”

“ನಾನೇ ಗೀರಿದ್ದು. ರಕ್ತ ಹರಿಯೋ ನರದ ಒಳಮೈ ಇದು. ಸಕ್ಕರೆ ಜಾಸ್ತಿಯಾದ್ರೆ ಮುಚ್ಕೊಳಲ್ಲ. ನಿಮ್ಮ ಬೆರಳೂ ಹಿಂಗೇ.”

“ಯಾರ್ ನರ?”

“ಹೆರಿಗೆಯಾದವರು ಕೊಟ್ಟ ಹೊಕ್ಕುಳಬಳ್ಳಿಯಿಂದ ತೆಗೆದದ್ದು.”

ಪುಟ್ಟತಾಯಮ್ಮ ಫೋನು ಹಿಂದಕ್ಕೆ ಕೊಟ್ಟರು.

“ನಾವು ಅದ್ನ ಮಣ್ಣಿಗಾಕ್ತೀವಿ. ನಮ್ ಚಲುವಂದು ಇತ್ಲಲ್ಲೇ ಐತೆ.”

ಇಬ್ಬರೂ ಹಿತ್ತಿಲ ಕಡೆ ನೋಡಲಿಲ್ಲ.

ಮರುದಿನ ಪ್ರಮೀಳಾ ಏನೂ ಹಾಕದ ಕಾಫಿ ಮಾಡಿಟ್ಟಳು. ಅತ್ತೆ ಒಂದು ಗುಟುಕು ಕುಡಿದು, “ಕಷಾಯ ಕಣೆ” ಎಂದು ಕೊಟ್ಟಿಗೆಗೆ ಎದ್ದು ಹೋದರು. ಆಮೇಲೆ ಸಂಜೆ ಕೂರಲು ಬರಲೇ ಇಲ್ಲ. ಮಾತ್ರೆ ಮಾತ್ರ ತಪ್ಪದೆ ನುಂಗಿದರು. ಒಟ್ಟಿಗೆ ಕೂರಲು ಉಳಿದದ್ದು ಬ್ಯಾಂಡೇಜು ಕಟ್ಟುವ ಹೊತ್ತೊಂದೇ. ಅತ್ತೆ ಕಾಲು ಚಾಚಿ ಗೋಡೆ ನೋಡುತ್ತಿದ್ದರು.

ವಾರಗಳು ಕಳೆದು ಗಾಯದ ಅಂಚು ಎಳೆಗೆಂಪಾಯಿತು.

“ಮುಚ್ಕೊತಾ ಇದೆ, ಅತ್ತೆ.”

ಪುಟ್ಟತಾಯಮ್ಮ ಕಾಲು ಎಳೆದುಕೊಳ್ಳಲಿಲ್ಲ.

“ಪೂರಾ ಮುಚ್ಕೊಂಡ್ಮೇಲೆ ನೀನು ಇಂಗೆ ಕೂರಾಕಿಲ್ಲ, ಅಲ್ವಾ?”

ಪ್ರಮೀಳಾ ಬಟ್ಟೆ ಸುತ್ತತೊಡಗಿದಳು, ನಿಧಾನವಾಗಿ, ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು.